ನಾಲ್ಕನೆಯ ಮಹಡಿಯ ಶೂರ

"ನಾನು ಅವರನ್ನ ಉಳಿಸೋಕೆ ಅಂತ ಎಳೆದಿದ್ದಲ್ಲ," ಎಂದು ಅವನು ನಾಲ್ಕನೆಯ ಸಲ ಹೇಳಿದ.

"ನೋಡಿ, ಇದು ದೊಡ್ಡತನ," ಎಂದರು ಮ್ಯಾನೇಜರು, ಸುತ್ತ ನೆರೆದವರ ಕಡೆ ತಿರುಗಿ. "ತುಂಬಿದ ಕೊಡ ತುಳುಕೋದಿಲ್ಲ."

ತಾನೆಷ್ಟು ಖಾಲಿ ಕೊಡವೆಂಬುದು ಅವನಿಗೆ ಗೊತ್ತಿತ್ತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಹದಿನಾರು ವರ್ಷಗಳಿಂದ ಈ ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳನ್ನು ತಿರಸ್ಕರಿಸುತ್ತ ಬಂದವನು. ಕಾಲು ಮುರಿದುಕೊಂಡವರಿಗೆ, ಅದು ಅಪಘಾತವಲ್ಲ, ನಿಮ್ಮದೇ ಅಜಾಗರೂಕತೆ ಎಂದು ವಿನಯದಿಂದ ಬರೆಯುವುದರಲ್ಲಿ ಅವನ ಕೈ ಪಳಗಿತ್ತು.

ನಡೆದದ್ದು ಇಷ್ಟೇ. ಹೋದ ಮಂಗಳವಾರ ಸಂಜೆ ಎಲ್ಲರೂ ಲಿಫ್ಟಿಗೆ ಸಾಲಾಗಿ ನಿಂತಿದ್ದರು. ಬಾಗಿಲು ತೆರೆಯಿತು. ಹಿಂದೆಲ್ಲೋ ಇದ್ದ ಟೈಪಿಸ್ಟ್ ಅವನನ್ನು ದಾಟಿ ನುಗ್ಗಿದಳು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಚೀಲದ ಪಟ್ಟಿ ಹಿಡಿದು ಹಿಂದಕ್ಕೆಳೆದ. ಸರದಿ ಅನ್ನುವುದು ಇಲ್ಲವೇ ಎಂದು ಬೈಯಲು ಬಾಯಿ ತೆರೆದಾಗ ಕಂಡಿತು: ಬಾಗಿಲ ಹಿಂದೆ ಲಿಫ್ಟೇ ಇರಲಿಲ್ಲ, ಬರೀ ಕತ್ತಲು. ಅಷ್ಟರಲ್ಲಿ ಯಾರೋ ಅವನನ್ನು ತಬ್ಬಿಕೊಂಡಾಗಿತ್ತು.

ಇವತ್ತು ಬೆಳಿಗ್ಗೆ ಹೆಂಡತಿ ತಾನಾಗಿಯೇ ಅವನ ಅಂಗಿ ಇಸ್ತ್ರಿ ಮಾಡಿದಳು. ಅವನು ನಡೆದದ್ದನ್ನು ಹೇಳಹೋದರೆ, "ಸುಮ್ನಿರಿ, ಅಣ್ಣನಿಗೆ ಆಗಲೇ ಫೋನ್ ಮಾಡಿ ಹೇಳಾಗಿದೆ," ಎಂದಳು. ಒಬ್ಬರಾದರೂ ತನ್ನ ಮಾತು ನಂಬದಿದ್ದರೆ ಈ ಸುಳ್ಳಿನೊಳಗೇ ಬಾಳಬೇಕಾದೀತೆಂದು ಅವನಿಗೆ ಹೆದರಿಕೆಯಾಯಿತು. ಅದು ಸ್ವಲ್ಪ ಹಿತವಾಗಿಯೂ ಇತ್ತೆಂಬುದು ಇನ್ನೂ ದೊಡ್ಡ ಹೆದರಿಕೆ.

ಕಚೇರಿಯ ಪತ್ರಿಕೆಗೆ ಫೋಟೋ ಬೇಕಿತ್ತು. ಉಳಿಸಿದಾಗ ಯಾರೂ ತೆಗೆದಿರಲಿಲ್ಲವಾದ್ದರಿಂದ ಇನ್ನೊಮ್ಮೆ ಉಳಿಸುವುದೆಂದು ತೀರ್ಮಾನವಾಯಿತು. ಮೆಕ್ಯಾನಿಕ್ ಲಿಫ್ಟನ್ನು ಕೆಳಗೆ ನಿಲ್ಲಿಸಿ ಬಂದು, ಕೀಲಿ ಹಾಕಿ ಬಾಗಿಲು ತೆರೆದ.

"ಮೇಡಂ ಸೊಂಟಕ್ಕೊಂದು ಹಗ್ಗ ಕಟ್ಟೋಣ ಸಾರ್," ಎಂದ.

"ಫೋಟೋದಲ್ಲಿ ಹಗ್ಗ ಕಾಣುತ್ತೆ," ಎಂದ ಫೋಟೋದವನು.

ವಾರಕ್ಕೆರಡು ಸಲ ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಹೊರಗೆಳೆಯುವ ಮೆಕ್ಯಾನಿಕ್‌ನನ್ನು ಜನರ ಹಿಂದಕ್ಕೆ ಕಳಿಸಿದರು. ಅವನದು ಬರೀ ಕೆಲಸ, ಇವನದು ಶೌರ್ಯ.

"ಮೇಡಂ, ನೀವು ಸಾಲು ತಪ್ಪಿಸಿದ್ರಿ ಅಂತ ಸಿಟ್ಟು ಬಂದು ಎಳೆದೆ, ಅಷ್ಟೇ," ಎಂದು ಅವನು ಟೈಪಿಸ್ಟ್‌ಗೆ ಪಿಸುಗುಟ್ಟಿದ.

"ಹೋಗ್ಲಿ ಬಿಡಿ ಸಾರ್," ಅವಳು ನಕ್ಕಳು. "ನಿಮ್ಮಂಥೋರು ಹೀಗೇ ಹೇಳೋದು."

"ಚೀಲದ ಪಟ್ಟಿ ಬೇಡ, ಕೈ ಹಿಡೀರಿ," ಎಂದ ಫೋಟೋದವನು. "ಮೇಡಂ, ಒಳಗಡೆ ಬಗ್ಗಿ. ಇನ್ನೂ ಸ್ವಲ್ಪ. ಭಾರ ಪೂರ್ತಿ ಅವರ ಮೇಲೆ ಬಿಡಿ."

ಅವಳು ಬಿಟ್ಟಳು. ಕಣ್ಣು ಮುಚ್ಚಿ, ನಾಲ್ಕು ಮಹಡಿಯ ಕತ್ತಲಿನ ಮೇಲೆ ಬಾಗಿದಳು. ಇಷ್ಟು ನಂಬಿಕೆಯಿಂದ ಅವನನ್ನು ಯಾರೂ ಹಿಡಿದುಕೊಂಡಿರಲಿಲ್ಲ.

"ಚಪ್ಪಾಳೆ!" ಎಂದರು ಮ್ಯಾನೇಜರು.

ಅವನ ಅಂಗೈ ಬೆವರಿತ್ತು. ಅವಳ ಕೈ ಒಂದು ಬೆರಳಿನಷ್ಟು ಜಾರಿತು.

"ಯಾರಾದ್ರೂ ಬನ್ನಿ! ನನ್ನ ಕೈಲಿ ಆಗ್ತಿಲ್ಲ!"

"ಆಹಾ! ಮುಖ ಹಾಗೇ ಇರಲಿ," ಎಂದ ಫೋಟೋದವನು.

ಅವಳು ಕಣ್ಣು ತೆರೆಯದೆ ನಗುತ್ತಿದ್ದಳು. ಕೈ ಇನ್ನೊಂದು ಬೆರಳಿನಷ್ಟು ಜಾರಿತು. ಅವನ ಬೆನ್ನ ಹಿಂದೆ ನಲವತ್ತು ಜನರ ಎಂಬತ್ತು ಕೈಗಳು ಚಪ್ಪಾಳೆ ತಟ್ಟುತ್ತಲೇ ಇದ್ದವು.