ರಕ್ತದ ಕಥೆಗೊಂದು ಹೂಂ

ಒಂದೂರಿನಲ್ಲಿ ಒಬ್ಬ ಹುಡುಗಿ ಇದ್ದಳಂತೆ. ಅವಳಿಗೆ ಕಥೆ ಹೇಳುವ ಅಜ್ಜಿ ಇದ್ದಳಂತೆ. ಊರು ಬೇಲೂರು, ಹುಡುಗಿ ಚೆಲುವಾಂಬ, ಅಜ್ಜಿ ಶ್ರೀರಂಗಮ್ಮ. ಅಜ್ಜಿಯ ಕಥೆಗೆ ಒಂದು ಕಟ್ಟಳೆಯಿತ್ತು: ಮಾತುಮಾತಿಗೂ ಹೂಂಗುಟ್ಟಬೇಕು. ಮಗು ನಿದ್ದೆಗಣ್ಣಲ್ಲೇ ಹೂಂಗುಟ್ಟುತ್ತಿದೆಯೆಂಬ ಅನುಮಾನ ಬಂದರೆ ಅಜ್ಜಿ ಅದೇ ದನಿಯಲ್ಲಿ, "ಆಗ ಆನೆ ತೆಂಗಿನಮರ ಹತ್ತಿ ಎಳನೀರು ಕಿತ್ತಿತು" ಎನ್ನುವಳು. ಅದಕ್ಕೂ ಹೂಂ ಎಂದರೆ ಅಂದಿನ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಹುಡುಗಿ ಬೆಳೆದು, ನರ್ಸ್ ಕಲಿಯಲು ಅರಸೀಕೆರೆಗೆ ಹೋಗುತ್ತೇನೆಂದಾಗ ಅಪ್ಪ ವೆಂಕಟರಾಮಯ್ಯ ಒಪ್ಪಲಿಲ್ಲ. ದೇವಸ್ಥಾನದ ಪರಿಚಾರಕರ ಮನೆಯ ಹುಡುಗಿ ಕಂಡವರ ಗಾಯ ತೊಳೆಯುವುದೇ ಎಂದು ಅವರಿಗೆ.

"ಹೋಗ್ಲಿ ಬಿಡೋ. ಫೇಲಾದ್ರೆ ವಾಪಸ್ ಕರ್ಕೊಂಡು ಬಾ, ಆಗ ನಾನು ಅಡ್ಡ ಬರಲ್ಲ," ಎಂದು ಅಜ್ಜಿಯೇ ಒಪ್ಪಿಸಿದಳು.

ಬಸ್ಸು ಹತ್ತುವಾಗ ಮೊಮ್ಮಗಳ ಕೈ ಹಿಡಿದು, "ಇಷ್ಟು ವರ್ಷ ನಾನು ಹೇಳಿದೆ, ನೀನು ಹೂಂಗುಟ್ಟಿದೆ. ಈ ಮೈಯೊಳಗೆ ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಕಲ್ತುಕೊಂಡು ಬಂದು ಈಗ ನೀನು ಹೇಳು. ಮಧ್ಯದಲ್ಲಿ ನಿಲ್ಲಿಸಕೂಡದು," ಎಂದಳು.

ಚೆಲುವಾಂಬ ಹೂಂ ಎಂದಿದ್ದಳು. ಕಲಿತು ಬರುವ ಮೊದಲೇ ಅಜ್ಜಿ ತೀರಿಕೊಂಡಳು.

ಚೆಲುವಾಂಬ ಅಳಲಿಲ್ಲ. ಕರ್ಮಾಂತರ ಮುಗಿಸಿ ಹಾಸ್ಟೆಲಿಗೆ ಬಂದು, ಟ್ರಂಕು ಮಂಚದ ಕೆಳಗೆ ತಳ್ಳಿ, ಪುಸ್ತಕ ತೆರೆದು ಕೂತಳು. ಹಾಸ್ಟೆಲಿನ ಹಿಂದಿನ ಸ್ಟೇಷನ್ನಿಗೆ ರೈಲುಗಳು ಬಂದವು, ಹೋದವು. ಹೃದಯದ ಚಿತ್ರವಿದ್ದ ಪುಟ ತೆರೆದೇ ಇತ್ತು. ಬಡಿಸಿದರೆ ಉಂಡಳು, ಗಂಟೆ ಹೊಡೆದರೆ ವಾರ್ಡಿಗೆ ಹೋದಳು. ಹಲ್ಲು ಕೀಳುವ ಮುಂಚೆ ಸೂಜಿಮದ್ದು ಹಾಕಿಸಿಕೊಂಡ ದವಡೆಯ ಹಾಗೆ ಎಲ್ಲವೂ ಇತ್ತು, ಯಾವುದೂ ತನ್ನದಾಗಿರಲಿಲ್ಲ.

ಪರೀಕ್ಷೆಯಲ್ಲಿ ಫೇಲಾದಳು. ಪಾಠ ಹೇಳುವ ಸಿಸ್ಟರ್ ಸುಮಿತ್ರಮ್ಮ ಕರೆದು, "ಬರೋ ತಿಂಗಳು ಬಾಯಲ್ಲೇ ಕೇಳ್ತೀನಿ. ರಕ್ತದ ಓಡಾಟ ಪೂರ್ತಿ ಹೇಳಿದ್ರೆ ಇಲ್ಲಿರ್ತೀಯ. ಇಲ್ಲಾಂದ್ರೆ ನಿಮ್ಮ ತಂದೆ ಬಂದು ಕರ್ಕೊಂಡು ಹೋಗ್ಲಿ," ಎಂದರು.

"ಆಗಲಿ ಸಿಸ್ಟರ್," ಎಂದಳು, ಬೇರೆ ಯಾರದೋ ವಿಷಯವೆಂಬಂತೆ.

ಅವಳ ಜೊತೆಯವಳು ಬಾಣಾವರದ ಕೊಬ್ಬರಿ ವ್ಯಾಪಾರಿಯ ಮಗಳು ದ್ರಾಕ್ಷಾಯಣಿ. ಬೆಳಿಗ್ಗೆ ಎದ್ದು, ಒಗೆದು ಒಣಗಿಸಿದ ಬ್ಯಾಂಡೇಜುಗಳನ್ನು ವಾರ್ಡಿನ ಹಿಂದಿನ ಜಗಲಿಯಲ್ಲಿ ಸುತ್ತಿಡುವ ಕೆಲಸ ಇಬ್ಬರದು.

"ಪುಸ್ತಕನ ಹಂಗೇ ನೋಡ್ತಾ ಕೂತ್ರೆ ಅದೇನು ಮಾತಾಡ್ತೈತಾ? ಬಾಯ್ಬಿಟ್ಟು ಹೇಳು ಕಣೇ," ಎಂದಳು ದ್ರಾಕ್ಷಾಯಣಿ.

"ಯಾರಿಗೆ ಹೇಳ್ಲಿ?"

"ಗೋಡೆಗೆ ಹೇಳು. ಇಲ್ದಿದ್ರೆ ನಂಗೆ ಹೇಳು. ನಾನೂ ಹೆಚ್ಚುಕಮ್ಮಿ ಗೋಡೆನೇ."

ಅಂದಿನಿಂದ ಚೆಲುವಾಂಬ ಹೇಳಿದಳು, ದ್ರಾಕ್ಷಾಯಣಿ ಹೂಂಗುಟ್ಟಿದಳು. ದಿನಕ್ಕೊಂದು ತುಣುಕು, ನಿನ್ನೆಯದನ್ನು ಹೇಳಿಯೇ ಇಂದಿನದು. ಮನಸ್ಸಿರಲಿ ಬಿಡಲಿ ಬ್ಯಾಂಡೇಜ್ ಸುತ್ತುವುದು ತಪ್ಪುತ್ತಿರಲಿಲ್ಲವಾದ್ದರಿಂದ ಹೇಳುವುದೂ ತಪ್ಪಲಿಲ್ಲ.

ಒಂದು ದಿನ ಪುಸ್ತಕ ತೆಗೆದು ನೋಡಿದರೆ, ತಾನು ಇಷ್ಟು ದಿನವೂ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸದೆ ಹೃದಯದ ಬಲಗಡೆಯಿಂದ ಸೀದಾ ಎಡಗಡೆಗೆ ದಾಟಿಸಿದ್ದಳು. ದ್ರಾಕ್ಷಾಯಣಿ ಅದಕ್ಕೂ ಹೂಂ ಎಂದಿದ್ದಳು. ಮಾರನೆಯ ಬೆಳಿಗ್ಗೆ ಚೆಲುವಾಂಬ ಅದೇ ದನಿಯಲ್ಲಿ ಹೇಳಿದಳು: "ಅಲ್ಲಿಂದ ರಕ್ತ ತೆಂಗಿನಮರ ಹತ್ತಿತು."

"ಹೂಂ."

ಚೆಲುವಾಂಬ ನಿಲ್ಲಿಸಿದಳು.

"ಯಾಕೆ ನಿಲ್ಲಿಸ್ದೆ?"

"ರಕ್ತ ತೆಂಗಿನಮರ ಹತ್ತಿ ಕೂತಿದೆ."

ದ್ರಾಕ್ಷಾಯಣಿ ಕಣ್ಣುಜ್ಜಿಕೊಂಡಳು. "ನಮ್ಮಪ್ಪನ ತೋಟದ್ದಾದ್ರೆ ಹತ್ಲಿ ಬಿಡು. ಕಾಯಿ ಕೀಳೋರೇ ಸಿಗ್ತಿಲ್ಲ."

ಆಮೇಲೆ ಅಜ್ಜಿಯ ಕಟ್ಟಳೆಯೇ ಇಬ್ಬರ ಕಟ್ಟಳೆಯಾಯಿತು. ಚೆಲುವಾಂಬ ದಿನವೂ ಎಲ್ಲೋ ಒಂದು ಸುಳ್ಳು ಸೇರಿಸಬೇಕು; ದ್ರಾಕ್ಷಾಯಣಿ ಹಿಡಿಯದಿದ್ದರೆ ಎರಡು ಪಾಲಿನ ಬ್ಯಾಂಡೇಜೂ ಅವಳದೇ. ಹಿಡಿಯಲು ಅವಳು ಓದಿಕೊಂಡು ಬಂದಳು. ಸಿಕ್ಕಿಬೀಳದ ಸುಳ್ಳಿಗಾಗಿ ಇವಳು ಇನ್ನೂ ಚೆನ್ನಾಗಿ ಓದಬೇಕಾಯಿತು. ಪಾಸಾಗುವ ಆಸೆಯೇನೂ ಹುಟ್ಟಲಿಲ್ಲ. ಬೆಳಗಾಗುತ್ತಿತ್ತು, ಜಗಲಿಗೆ ಹೋಗುತ್ತಿದ್ದಳು, ಅಷ್ಟೆ.

ಬಾಯಿಪರೀಕ್ಷೆಯ ದಿನ ಸುಮಿತ್ರಮ್ಮ ಎದುರಿಗೆ ಕೂತು, "ಹೇಳು," ಎಂದರು.

"ಹೃದಯ ನಾಲ್ಕು ಕೋಣೆಯ ಮನೆ. ಮೈಯೆಲ್ಲ ಸುತ್ತಿ ಕಪ್ಪಿಟ್ಟ ರಕ್ತ ಬಲಗಡೆ ಮೇಲಿನ ಕೋಣೆಗೆ ಬರುತ್ತೆ."

ಸುಮಿತ್ರಮ್ಮ ಸುಮ್ಮನಿದ್ದರು. ಚೆಲುವಾಂಬ ಕಾದಳು. ಮುಂದಿನ ಮಾತು ಹೊರಡಲೇ ಇಲ್ಲ.

"ಇಷ್ಟೇನಾ?"

"ಸಿಸ್ಟರ್, ನೀವು ಹೂಂ ಅನ್ನಬೇಕು. ಅಂದ್ರೆ ಮುಂದಕ್ಕೆ ಹೋಗುತ್ತೆ."

ಸುಮಿತ್ರಮ್ಮ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಕೊನೆಗೆ, "ಹೂಂ," ಎಂದರು.

"ಅಲ್ಲಿಂದ ಬಲಗಡೆ ಕೆಳಕೋಣೆಗೆ ಇಳಿಯುತ್ತೆ."

"ಹೂಂ. ಅಲ್ಲಿಂದ ಸೀದಾ ಎಡಗಡೆಗೆ."

ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಇಲ್ಲ. ಮೊದಲು ಶ್ವಾಸಕೋಶಕ್ಕೆ. ಅಲ್ಲಿ ಗಾಳಿ ಕುಡಿದು, ಕೆಂಪಾಗಿ, ಆಮೇಲೆ ಎಡಗಡೆ ಮೇಲಿನ ಕೋಣೆಗೆ."

"ಹೂಂ."

"ಅಲ್ಲಿಂದ ಎಡಗಡೆ ಕೆಳಕೋಣೆಗೆ. ಅದು ಒತ್ತಿದ ರಭಸಕ್ಕೆ ದೊಡ್ಡ ನಾಳಕ್ಕೆ ಬಿದ್ದು, ತಲೆಗೆ, ಹೊಟ್ಟೆಗೆ, ಕಾಲಿಗೆ, ಕೈಬೆರಳ ತುದಿಗೆ..."

ಕಾಲು ಮಡಿಸಿ ಬಹಳ ಹೊತ್ತು ಕೂತು ಎದ್ದಾಗ ಆಗುವ ಹಾಗೆ ಬೆರಳ ತುದಿಗಳು ಜುಮ್ಮೆಂದವು. ಚೆಲುವಾಂಬ ಕೈ ನೋಡಿಕೊಂಡಳು. ಮಧ್ಯದಲ್ಲಿ ನಿಲ್ಲಿಸಕೂಡದು.

"...ಅಲ್ಲಿ ಇದ್ದದ್ದನ್ನೆಲ್ಲ ಕೊಟ್ಟು, ಮತ್ತೆ ಕಪ್ಪಿಟ್ಟು, ಹೊರಟಿದ್ದ ಮನೆಯ ಬಲಗಡೆ ಮೇಲಿನ ಕೋಣೆಗೇ ಬಂದು ಸೇರುತ್ತೆ."

"ಹೂಂ," ಎಂದರು ಸುಮಿತ್ರಮ್ಮ.