ಹೊಸ್ತಿಲಿನ ಎರಡು ಎಳೆ

ಈ ಒಂದು ಫೋಟೊ ಮುಗಿದರೆ ತನುಶ್ರೀ ರಾತ್ರಿ ಮನೆಗೆ ಬರುತ್ತಾಳೆ. ನಾಳೆ ಮಧ್ಯಾಹ್ನ ಮತ್ತೆ ಬೇರೆ ಊರು, ಬೇರೆ ಉತ್ಖನನ. ಮಗಳನ್ನು ಕರೆದುಕೊಂಡೇ ಹೋಗೋಣವೆಂದು ಉಮಾವತಿ ತಮ್ಮ ಮನೆಯಿರುವ ಕೊಂಢವಾದಿಂದ ಬಸ್ಸು ಬದಲಿಸಿ ಈ ನದಿ ದಂಡೆಗೆ ಬಂದಿದ್ದರು. ಗಂಡ ಮಹಾಲಿಂಗರು ತೀರಿಕೊಂಡು, ನಡೆಸುತ್ತಿದ್ದ ಹೋಟೆಲು ಕೈಬಿಟ್ಟ ಮೇಲೆ ಅವರು ಇಬ್ಬರಿಗೆ ಅನ್ನಕ್ಕಿಟ್ಟ ದಿನಗಳು ಕಡಿಮೆ.

ಅಗೆದ ಗುಂಡಿಯಲ್ಲಿ ಮೂರು ಸಾವಿರ ವರ್ಷ ಹಳೆಯ ಮನೆಯೊಂದರ ನೆಲ. ತನುಶ್ರೀ, ಅವಳ ಜೊತೆಗಾರ ಋಷಿಕೇಶ ಅದನ್ನು ಗುಡಿಸಿ ಮುಗಿಸುತ್ತಿದ್ದರು.

"ಮೇಲಿಂದ ಫೋಟೊ ತೆಗೀಲಿಕ್ಕೆ ಇದರಲ್ಲಿ ಎಂತದೂ ಇರಬಾರದು ಅಮ್ಮ. ಬುಟ್ಟಿ ಇಲ್ಲ, ಹೆಜ್ಜೆ ಗುರುತೂ ಇಲ್ಲ."

"ನಿನ್ನ ಕೋಣೆಗೆ ಈ ನೇಮ ಇರ್ಲಿಲ್ಲ ಮಾರಾಯ್ತಿ."

ಇಬ್ಬರೂ ಡ್ರೋನ್ ತರಲು ಜೀಪಿನತ್ತ ಹೋದರು. ಉಮಾವತಿ ಅಂಚಿನಲ್ಲಿ ನಿಂತರು. ಕೈಗೆಟಕುವಷ್ಟರಲ್ಲೇ ಆ ಮನೆಯ ಹೊಸ್ತಿಲು, ಒಂದು ಸಾಲು ಕಲ್ಲು. ಬಿಸಿಲು ಇಳಿಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಗುಡಿಸಿದ ಹೊಸ್ತಿಲನ್ನು ಬೋಳಾಗಿ ಬಿಡುವುದು ಅವರ ಊರ ಕಡೆ ಇಲ್ಲ. ಗಡಿ ಗೆರೆ ಹಾಕುವ ಸುಣ್ಣದ ಪುಡಿಯ ಡಬ್ಬಿ ಪಕ್ಕದಲ್ಲೇ ಇತ್ತು. ಬಗ್ಗಿದರು. ರಂಗೋಲಿಯ ಎರಡು ಎಳೆ, ತುದಿಗೊಂದು ತಾವರೆ.

ಡ್ರೋನ್ ಮೇಲೇರಿತು. ತನುಶ್ರೀ ಪರದೆ ನೋಡಿದಳು.

"ಇದೆಂತ ಬಿಳಿ?"

ಋಷಿಕೇಶ ಗುಂಡಿಯೊಳಗೆ ಇಣುಕಿದ. "ಅರೇ ದೇವಾ! ಕಾಕೂ..." ಎಂದು ಉಮಾವತಿಯ ಕಡೆ ತಿರುಗಿದ.

"ಗುಡಿಸಿ ಹಾಗೇ ಬಿಟ್ಟಿದ್ರಲ್ಲ ಮಗಾ..." ಉಮಾವತಿ ಸೆರಗು ಹಿಡಿದು ಮುಂದೆ ಬಂದರು. "ಈಗ ಒರೆಸ್ತೇನೆ."

"ಬೇಡ ಅಮ್ಮ, ಮುಟ್ಬೇಡ! ಒರೆಸಿದ್ರೆ ಮಣ್ಣಿಗೆ ಇಳೀತದೆ. ಬ್ರಶ್ಶಲ್ಲಿ ಚೂರು ಚೂರೇ ತೆಗೀಬೇಕು."

ಅಷ್ಟರಲ್ಲಿ ಸೂರ್ಯ ಗುಡ್ಡದ ಹಿಂದಾದ. ತನುಶ್ರೀ ಡ್ರೋನ್ ಇಳಿಸಿದಳು.

"ಇನ್ನು ಬೆಳಗ್ಗೆ ಓರೆ ಬಿಸಿಲಿಗೇ ತೆಗೀಬೇಕು ಅಮ್ಮ. ರಾತ್ರಿ ಇಲ್ಲೇ ಡೇರೆಯಲ್ಲಿ ಇರ್ತೇನೆ. ನಾಳೆ ಇಲ್ಲಿಂದ ಸೀದ ಅಲ್ಲಿಗೆ."

"ಮನೆಗೆ..."

"ಆಗ್ಲಿಕ್ಕಿಲ್ಲ." ಬ್ರಶ್ಶು ಹಿಡಿದು ಗುಂಡಿಗಿಳಿದವಳು ಒಂದು ಕ್ಷಣ ತಡೆದಳು. "ತಾವರೆ ಚಂದ ಉಂಟು."

"ನಿನಗೂ ಕಲಿಸಿದ್ದೆ."

"ಹೂಂ. ಬಸ್ಸು ತಪ್ಪೀತು, ಹೊರಡು."

ಉಮಾವತಿ ತಂದಿದ್ದ ಬುತ್ತಿಯನ್ನು ಋಷಿಕೇಶನ ಕೈಗಿತ್ತು ಗದ್ದೆಯ ಬದುವಿನ ಮೇಲೆ ನಡೆದರು. ರಸ್ತೆ ಸೇರಿ ತಿರುಗಿ ನೋಡಿದಾಗ ಮಗಳು ಮೊಣಕಾಲೂರಿ, ಅವರು ಎಳೆದ ಎಳೆಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು. ಅವರು ಕೈ ಬೀಸಿದರು. ತನುಶ್ರೀ ತಲೆ ಎತ್ತಲಿಲ್ಲ. ಬೆಳಕು ಇರುವಷ್ಟರಲ್ಲಿ ಅವಳಿಗೆ ಅದನ್ನು ಮುಗಿಸಬೇಕಿತ್ತು.