ಮಾತಾಡೋದು ನಾನೇ

ಕಲ್ಲುಕಟ್ಟೆಯ ಸಂದಿಗೆ ಕೈಹಾಕಿದ ನೆಫಿಸೆ ಕೂಗಿಕೊಳ್ಳಲಿಲ್ಲ. ಕೈ ಹೊರಗೆಳೆದು ಹೆಬ್ಬೆರಳ ಬುಡದಲ್ಲಿ ಮೂಡಿದ ಎರಡು ರಕ್ತದ ಚುಕ್ಕೆಗಳನ್ನು ನೋಡಿದಳು. ಮೂಗಿನ ಮೇಲೆ ಕೊಂಬಿರುವ ವಿಷದ ಹಾವೊಂದು ಕಲ್ಲುಗಳ ನಡುವೆ ಸರಿದುಹೋಯಿತು. ಪಕ್ಕದ ಸಾಲಿನಲ್ಲಿ ತಂಬಾಕಿನ ಎಲೆ ಕೀಳುತ್ತಿದ್ದ ಸಬ್ರಿಯೆಯೂ ಅದನ್ನು ಕಂಡಳು.

ಇಬ್ಬರೂ ಐವತ್ತು ದಾಟಿದವರು, ಒಂದೇ ಓಣಿಯಲ್ಲಿ ಹುಟ್ಟಿ ಬೆಳೆದವರು. ಊರು ಗ್ರೀಸ್ ದೇಶದ ಬೆಟ್ಟದಲ್ಲಿದ್ದರೂ ಅಲ್ಲಿನ ಮನೆಮಾತು ಪೊಮಾಕ್; ಗ್ರೀಕ್ ಬಲ್ಲ ಹೆಂಗಸರು ಇರಲಿಲ್ಲವೆಂದರೂ ಸರಿ. ಒಣಗಿಸುವ ಎಲೆಯನ್ನು ದಾರಕ್ಕೆ ಪೋಣಿಸುವುದರಲ್ಲಿ ಯಾರ ಕೈ ಚುರುಕು ಎಂಬ ಜಗಳ ಅವರ ನಡುವೆ ಎಂದೂ ಮುಗಿದಿರಲಿಲ್ಲ. ಗಂಡ ಸತ್ತ ಮೇಲೆ ಎರಡು ಚಳಿಗಾಲ ಸಬ್ರಿಯೆ ಶಾಲೆಗೆ ಹೋಗಿ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಗ್ರೀಕ್ ಕಲಿತಾಗ ಊರೆಲ್ಲ ನಕ್ಕಿತ್ತು; ಎಲ್ಲರಿಗಿಂತ ಜೋರಾಗಿ ನಕ್ಕವಳು ನೆಫಿಸೆ. ಸಬ್ರಿಯೆ ಅದಕ್ಕೆಲ್ಲ ಕಿವಿಗೊಡಲಿಲ್ಲ. ಗಂಡ ಆಸ್ಪತ್ರೆಯಲ್ಲಿ ಮಲಗಿದ್ದಾಗ ಡಾಕ್ಟರು ಗ್ರೀಕಿನಲ್ಲಿ ಕೇಳಿದ್ದಕ್ಕೆಲ್ಲ ಅವಳು ತಲೆಯಾಡಿಸಿ ಬಂದಿದ್ದಳು. ಅವರು ಕೇಳಿದ್ದೇನು, ತಾನು ಹೂಂ ಅಂದದ್ದು ಯಾವುದಕ್ಕೆ ಎಂಬುದು ಗಂಡನನ್ನು ಮಣ್ಣು ಮಾಡಿದ ಮೇಲೂ ತಿಳಿದಿರಲಿಲ್ಲ.

ನೆಫಿಸೆಯ ಮುಂಗೈ ನೋಡನೋಡುತ್ತಲೇ ಊದಿಕೊಂಡಿತು. ಊರಿನ ಗಂಡಸರು ಹೆಚ್ಚಿನವರು ಹಡಗು ಕಟ್ಟುವ ಕೆಲಸಕ್ಕೆಂದು ದೂರದೇಶಕ್ಕೆ ಹೋಗಿದ್ದರು. ಗ್ರೀಕ್ ಬಲ್ಲ ಮೇಷ್ಟರು ರಜೆಯಲ್ಲಿದ್ದರು. ಸಾಲದ್ದಕ್ಕೆ ಹಿಂದಿನ ವಾರದ ಮಳೆಗೆ ಗುಡ್ಡ ಜರಿದು ರಸ್ತೆ ಕಡಿದುಹೋಗಿತ್ತು. ಗಾಡಿ ಇಳಿಯುವಂತಿರಲಿಲ್ಲ, ಏರುವಂತೆಯೂ ಇರಲಿಲ್ಲ. ಸಬ್ರಿಯೆ ಅಂಗೈಯ ತಂಬಾಕಿನ ಅಂಟನ್ನು ಲಂಗಕ್ಕೆ ಒರೆಸಿಕೊಂಡು ಆಂಬುಲೆನ್ಸಿಗೆ ಫೋನು ಮಾಡಿದಳು.

ಅತ್ತಲಿಂದ ಮಾತಾಡಿದವನು ಊರು ಯಾವುದೆಂದ. ಅವಳು ದ್ರೆನೊವೊ ಎಂದಳು. ಅಂಥ ಊರೇ ಇಲ್ಲ ಎಂದ. ಸರ್ಕಾರ ಇಟ್ಟ ಹೆಸರು ಬೇರೆ ಎಂಬುದು ಆಗ ನೆನಪಾಗಿ ಕ್ರಾನಿಯಾ ಎಂದಳು. ಬೀದಿ ಯಾವುದು, ಮನೆ ನಂಬರೆಷ್ಟು ಎಂದು ಕೇಳಿದ. ಬೀದಿಗೆ ಹೆಸರಿಲ್ಲ ಎಂದು ಇವಳು ತಡವರಿಸಿದಾಗ, ಅವನು ಉಸಿರು ಬಿಟ್ಟು, ಗ್ರೀಕ್ ಬರುವ ಗಂಡಸರು ಯಾರಾದರೂ ಇದ್ದರೆ ಅವರ ಕೈಗೆ ಫೋನು ಕೊಡು ಎಂದ.

ಸಬ್ರಿಯೆಯ ಕಿವಿ ಕಾದವು.

"ಗಂಡಸರಿಲ್ಲ. ಮಾತಾಡೋದು ನಾನೇ," ಎಂದಳು. "ನೀನು ನಿಧಾನ ಕೇಳು. ನಾನು ನಿಧಾನ ಹೇಳ್ತೀನಿ. ಹಾವು, ಕೈ ಕಚ್ಚಿದೆ. ರಸ್ತೆ ಬಿದ್ದಿದೆ. ನಾವು ಹೊತ್ತು ತರ್ತೀವಿ. ನೀನು ಕೆಳಗೆ ಹೊಳೆಯ ಕಲ್ಲುಸೇತುವೆಗೆ ಗಾಡಿ ಕಳಿಸು."

ಆಮೇಲೆ ಅವನ ದನಿ ಬದಲಾಯಿತು. ಒಂದೊಂದೇ ಮಾತು ಬಿಡಿಸಿ ಕೇಳಿದ. ಕೈ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಅವಳನ್ನು ನಡೆಸಬೇಡಿ ಎಂದ. ಆ ಮೂರೂ ಅವಳಿಗೆ ಅರ್ಥವಾದವು.

ಎಲೆ ಒಣಗಿಸುವ ಮರದ ಚೌಕಟ್ಟಿಗೆ ಕಂಬಳಿ ಹಾಸಿ ನೆಫಿಸೆಯನ್ನು ಮಲಗಿಸಿ ಹೆಂಗಸರೇ ಹೆಗಲು ಕೊಟ್ಟರು. ಜರಿದ ಮಣ್ಣಿನಲ್ಲಿ ಮೊಣಕಾಲ ತನಕ ಹೂತುಹೋಗುತ್ತ, ಸರದಿಯ ಮೇಲೆ ಹೆಗಲು ಬದಲಿಸುತ್ತ ಇಳಿದರು. ನೆಫಿಸೆ ದಾರಿಯಲ್ಲಿ ವಾಂತಿ ಮಾಡಿಕೊಂಡಳು, ತುಟಿ ಜೋಮು ಹಿಡಿದಿದೆ ಎಂದಳು.

"ಏನ್ ಭಾರ ಇದೀಯೇ ನೀನು," ಎಂದಳು ಸಬ್ರಿಯೆ, ಗೆಳತಿಯ ಕಣ್ಣು ಮುಚ್ಚದಿರಲೆಂದು.

"ನಿನ್ ಮನೆ ಅನ್ನ ತಿಂದು ಬೆಳೆದಿಲ್ಲ, ಸುಮ್ನೆ ಹೊರೇ," ಎಂದಳು ನೆಫಿಸೆ.

ಸೇತುವೆಯ ಬಳಿ ಯಾವ ಗಾಡಿಯೂ ಇರಲಿಲ್ಲ. ಫೋನು ಮಾಡಿದರೆ, ಆಂಬುಲೆನ್ಸು ಅದೇ ಹೆಸರಿನ ಬೇರೊಂದು ಊರಿನ ಕಡೆ ತಿರುಗಿಬಿಟ್ಟಿತ್ತು. ಒಬ್ಬಿಬ್ಬರು ಅಳಲು ಶುರುಮಾಡಿದರು. ಸಬ್ರಿಯೆ ಅಳಲಿಲ್ಲ. ಡ್ರೈವರನಿಗೇ ಲೈನು ಕೊಡು ಎಂದು ಹೇಳಿ, ಹಿಂದಕ್ಕೆ ತಿರುಗು, ಗರಗಸದ ಮಿಲ್ಲು ದಾಟು, ಮಿನಾರು ಕಂಡ ಕಡೆ ಎಡಕ್ಕೆ ಬಾ ಎಂದು ದಾರಿ ಹೇಳುತ್ತ, ಹೊಳೆಯ ತಿರುವಿನಲ್ಲಿ ಬಿಳಿ ಗಾಡಿ ಕಾಣುವ ತನಕ ಫೋನು ಕೆಳಗಿಡಲಿಲ್ಲ.

ಬಂದವರು ನೆಫಿಸೆಯ ಕೈಗೆ ಸೂಜಿ ಚುಚ್ಚಿ ಒಳಗೆ ಮಲಗಿಸಿದರು. ಸಂಬಂಧಿಕರಿಗಷ್ಟೇ ಜಾಗ ಎಂದು ಸಬ್ರಿಯೆಯನ್ನು ತಡೆದರು. ಅವಳಿಗೆ ಗ್ರೀಕ್ ಬರೋದಿಲ್ಲ, ಅವಳ ಬಾಯಿ ನಾನು ಎಂದು ಹೇಳಿ, ಕೆಸರು ಮೆತ್ತಿದ ಕಾಲಲ್ಲೇ ಸಬ್ರಿಯೆ ಹತ್ತಿ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದನ್ನೆಲ್ಲ ಅವಳು ಪೊಮಾಕ್ ಮಾತಿಗೆ ತಿರುಗಿಸಿ ಹೇಳಿದಳು, ತಿಳಿಯದ್ದನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಈ ಸಲ ಸುಮ್ಮನೆ ತಲೆಯಾಡಿಸಲಿಲ್ಲ. ಯಾವ ಮಾತ್ರೆ ತಗೊಳ್ಳುತ್ತಾಳೆ, ಹಿಂದೆ ಯಾವುದಾದರೂ ಔಷಧಿ ಮೈಗೆ ಒಗ್ಗದೆ ಹೋಗಿತ್ತೇ, ಬಸುರಿಯೇ ಎಂದೆಲ್ಲ ಡಾಕ್ಟರಮ್ಮ ಕೇಳಿದರು.

ಕೊನೆಯದನ್ನು ಕೇಳಿ, ಕೈ ಭುಜದ ತನಕ ಊದಿದ್ದ ನೆಫಿಸೆ ನಕ್ಕಳು. "ನಮ್ಮೆಜಮಾನ್ರು ವರ್ಷಕ್ಕೊಂದ್ಸಲ ಬರೋದು ಅಂತ ಹೇಳೇ ಅವಳಿಗೆ."

ಸಬ್ರಿಯೆ ಅದನ್ನೂ ಹೇಳಿದಳು. ಡಾಕ್ಟರಮ್ಮನೂ ನಕ್ಕು ವಿಷದ ಮದ್ದು ಏರಿಸಿದರು. ಸಂಜೆಯ ಹೊತ್ತಿಗೆ ಬಾವು ಏರುವುದು ನಿಂತಿತು. ಕೈ ಉಳಿಯಿತು, ಜೀವವೂ ಉಳಿಯಿತು.

ಊರಿಗೆ ಮರಳಿದ ನೆಫಿಸೆ ಎಲೆ ಪೋಣಿಸುವ ಚಪ್ಪರದಡಿ ಕೂತು ಬಂದವರಿಗೆಲ್ಲ ಕಥೆ ಹೇಳತೊಡಗಿದಳು. ಅವಳ ಕಥೆಯಲ್ಲಿ ಸಬ್ರಿಯೆ ಫೋನಿನಲ್ಲೇ ಪಟ್ಟಣದ ಅಧಿಕಾರಿಯನ್ನು ಗದರಿಸಿ ಅಳಿಸಿಬಿಟ್ಟಿದ್ದಳು. ಡ್ರೈವರ್ ಅವಳ ಕಾಲಿಗೆ ಬಿದ್ದಿದ್ದ. ಕೇಳುತ್ತಿದ್ದ ಹೆಂಗಸರು ಸಬ್ರಿಯೆಯ ಕಡೆ ತಿರುಗಿ, ಹೌದೇನೇ ಎಂದರು.

ಸಬ್ರಿಯೆ ಬೆನ್ನು ನೆಟ್ಟಗೆ ಮಾಡಿ ಕೂತು ಮತ್ತೊಂದು ಎಲೆ ಪೋಣಿಸಿದಳು. ಅಲ್ಲ ಎನ್ನಲಿಲ್ಲ.